ಟೈರಿನ ಮೇಲೆ ಚೈನ್ ಲೂಬ್ ಬಿದ್ದರೆ: ಯಾವ ಕ್ಲೀನರ್ ನಂಬಬಹುದು, ಯಾವುದು ಬೇಡವೇ ಬೇಡ

ಪಾತ್ರೆ ತೊಳೆಯುವ ಲಿಕ್ವಿಡ್, ಬೆಚ್ಚಗಿನ ನೀರು, ಒಂದು ಗಟ್ಟಿ ನೈಲಾನ್ ಬ್ರಷ್. ಬೈಕಿನ ಟೈರಿಗೆ ಚೈನ್ ಲೂಬ್ (ಚೈನ್ ಸವೆಯದಿರಲೆಂದು ಹಚ್ಚುವ ಜಿಡ್ಡು) ತಾಗಿದಾಗ ಬಹುತೇಕ ಸಲ ಇಷ್ಟೇ ಸಾಕು. ಕೊನೆಯಲ್ಲಿ ಒಮ್ಮೆ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಇದ್ದರೆ ಇನ್ನೂ ಒಳ್ಳೆಯದು. ಬ್ರೇಕ್ ಕ್ಲೀನರ್, ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ), ಸೀಮೆಎಣ್ಣೆ, ಪೆಟ್ರೋಲ್, ಡಬ್ಲ್ಯೂಡಿ-40 ಎಲ್ಲವನ್ನೂ ಈ ಕೆಲಸಕ್ಕೆ ಬಳಸುವವರಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಚಿಕ್ಕ ಪಾತ್ರವಿದೆ, ಕೆಲವಕ್ಕೆ ಏನೂ ಇಲ್ಲ. ಯಾವುದು ಏಕೆ ಅನ್ನುವುದನ್ನು ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಲೂಬ್ ಟೈರಿನ ಯಾವ ಜಾಗಕ್ಕೆ ಬೀಳುತ್ತದೆ ಅನ್ನುವುದು ತಿಳಿದಿರಬೇಕು. ಕ್ಲೀನರ್ ಆಯ್ಕೆಯಷ್ಟೇ ಮುಖ್ಯವಾದ ವಿಷಯ ಅದು.

ಸ್ಪ್ರೇ ಡಬ್ಬದಲ್ಲಿ ಬರುವ ಚೈನ್ ಲೂಬ್ ಅಂದರೆ ಬರೀ ಎಣ್ಣೆಯಲ್ಲ. ಮೂಲ ಎಣ್ಣೆ ಇರುತ್ತದೆ, ಅದು ಚೈನಿಗೆ ಕಚ್ಚಿಕೊಳ್ಳಲೆಂದು ಅಂಟು ಗುಣದ ಪಾಲಿಮರ್ ಇರುತ್ತದೆ, ಇವೆರಡನ್ನೂ ತೆಳುವಾಗಿಸಿ ಚೈನಿನ ಸಂದಿಗಳೊಳಗೆ ಒಯ್ಯುವ ದ್ರಾವಕ ಇರುತ್ತದೆ. ಹೊಡೆದ ಕ್ಷಣದಲ್ಲಿ ನೀರಿನಷ್ಟು ತೆಳು. ದ್ರಾವಕ ಆರಿದ ಮೇಲೆ ಅಂಟು ಅಂಟು. ಟೈರಿನ ಮೇಲೆ ಬಿದ್ದದ್ದು ಯಾವ ಹಂತದಲ್ಲಿದೆ ಅನ್ನುವುದರ ಮೇಲೆ ಅದನ್ನು ತೆಗೆಯುವ ಕಷ್ಟ ನಿಂತಿದೆ. ಹಸಿಯಾಗಿದ್ದಾಗ ಒಣ ಬಟ್ಟೆಯೇ ಮುಕ್ಕಾಲು ಕೆಲಸ ಮುಗಿಸುತ್ತದೆ. ಆರಿದ ಮೇಲೆ ಧೂಳು, ಮರಳು ಹಿಡಿದು ಕಪ್ಪು ಮೇಣದಂತಾಗುತ್ತದೆ, ಆಗ ಸಾಬೂನು ಎರಡು ಮೂರು ಸುತ್ತು ಬೇಕು. ಚೈನಿಗೆ ಗೇರ್ ಆಯಿಲ್ ಹಾಕುವವರ ಗಾಡಿಯಲ್ಲಿ ಸಮಸ್ಯೆ ಬೇರೆ. ಅದರಲ್ಲಿ ಅಷ್ಟು ಅಂಟಿಲ್ಲ, ಸಾಬೂನಿಗೆ ಬೇಗ ಬಿಡುತ್ತದೆ. ಆದರೆ ಆರುವುದೇ ಇಲ್ಲ, ಟ್ರೆಡ್ಡಿನ, ಅಂದರೆ ಟೈರಿನಲ್ಲಿ ನೆಲಕ್ಕೆ ತಾಗುವ ಗೆರೆಗಳಿರುವ ಭಾಗದ, ಸಣ್ಣ ಸೀಳುಗಳಲ್ಲಿ ಹರಿದು ಹರಡುತ್ತಾ ಹೋಗುತ್ತದೆ.

ಇನ್ನು ಜಾಗ. ಹೆಚ್ಚಿನ ಬೈಕುಗಳಲ್ಲಿ ಚೈನು ಎಡಗಡೆಗಿರುತ್ತದೆ, ಕೆಲವಲ್ಲಿ ಬಲಗಡೆಗೆ. ಚೈನು ಯಾವ ಕಡೆಗೋ ಲೂಬ್ ಟೈರಿನ ಆ ಕಡೆಗೇ ಬೀಳುತ್ತದೆ. ಗಾಡಿ ಓಡುವಾಗ ಹಿಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಸುತ್ತ ತಿರುಗುವ ಚೈನಿನಿಂದ ಹೆಚ್ಚಾದ ಲೂಬ್ ಸಿಡಿದು ರಿಮ್ಮಿನ ಮೇಲೆ, ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ಕೂರುತ್ತದೆ. ಅಲ್ಲಿಂದ ಚಕ್ರದ ತಿರುಗುವ ವೇಗಕ್ಕೆ ಹೊರಕ್ಕೆ ಜರುಗುತ್ತಾ ಟ್ರೆಡ್ಡಿನ ಅಂಚಿಗೆ ಬರುತ್ತದೆ. ಗಾಡಿ ನೆಟ್ಟಗೆ ಹೋಗುವಾಗ ನೆಲಕ್ಕೆ ತಾಗುವುದು ಟೈರಿನ ನಡುಭಾಗ ಮಾತ್ರ, ಅದೂ ಅಂಗೈ ಅಗಲದಷ್ಟು ಜಾಗ. ಅಂಚು ನೆಲಕ್ಕೆ ತಾಗುವುದು ಗಾಡಿ ವಾಲಿದಾಗ. ಅಂದರೆ ನೇರ ರಸ್ತೆಯಲ್ಲಿ ಎಷ್ಟು ಓಡಿಸಿದರೂ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ, ಬ್ರೇಕ್ ಸಹ ಸರಿಯಾಗಿ ಹಿಡಿಯುತ್ತದೆ. ತಿರುವಿನಲ್ಲಿ ಮೊದಲ ಸಲ ಗಾಡಿ ವಾಲಿದಾಗ ಜಿಡ್ಡು ಹಿಡಿದ ರಬ್ಬರ್ ರಸ್ತೆಗೆ ತಾಗುತ್ತದೆ. ‘ನಾಲ್ಕು ಕಿಲೋಮೀಟರ್ ಓಡಿಸಿ, ತಾನಾಗಿ ಸವೆದು ಹೋಗುತ್ತದೆ’ ಅನ್ನುವ ಸಲಹೆ ಅಪಾಯಕಾರಿ ಆಗುವುದು ಇದೇ ಕಾರಣಕ್ಕೆ. ನಡುಭಾಗದ್ದು ಸವೆಯುತ್ತದೆ ನಿಜ. ಅಂಚಿನದ್ದು ಹಾಗೇ ಕಾದಿರುತ್ತದೆ.

ಈಗ ಕ್ಲೀನರ್‌ಗಳ ಮಾತು.

ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ನಾವು ಮೊದಲ ಸ್ಥಾನ ಕೊಡುತ್ತೇವೆ, ಅಗ್ಗ ಅನ್ನುವ ಕಾರಣಕ್ಕಲ್ಲ. ಟೈರಿನ ರಬ್ಬರಿಗೆ ಏನೂ ಮಾಡದೆ ಎಣ್ಣೆಯನ್ನಷ್ಟೇ ಎತ್ತಿಕೊಂಡು ಹೋಗುವ ವಸ್ತು ಅದು. ಅದರಲ್ಲಿರುವ ಸರ್ಫ್ಯಾಕ್ಟಂಟ್ ಕಣದ ಒಂದು ತುದಿ ಎಣ್ಣೆಗೆ ಅಂಟುತ್ತದೆ, ಇನ್ನೊಂದು ತುದಿ ನೀರಿಗೆ. ಎಣ್ಣೆ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿ ಹೊರಗೆ ಹೋಗುತ್ತದೆ. ದ್ರಾವಕಗಳು ಕೆಲಸ ಮಾಡುವ ರೀತಿ ಬೇರೆ: ಎಣ್ಣೆಯನ್ನು ಕರಗಿಸಿ ತೆಳುಮಾಡುತ್ತವೆ ಅಷ್ಟೆ, ಅದನ್ನು ಅಲ್ಲಿಂದ ಎತ್ತುವುದು ಬಟ್ಟೆಯ ಕೆಲಸ. ಬಟ್ಟೆ ಮುಟ್ಟದ ಸೀಳಿನಲ್ಲಿ ದ್ರಾವಕ ಆರುತ್ತದೆ, ಎಣ್ಣೆ ಉಳಿಯುತ್ತದೆ. ಟ್ರೆಡ್ಡಿನಂಥ ಗೆರೆ ಗೆರೆಯ ಮೇಲ್ಮೈಯಲ್ಲಿ ಸಾಬೂನು ನೀರು ಗೆಲ್ಲುವುದು ಇಲ್ಲಿಯೇ.

ಬಳಸುವ ಕ್ರಮದಲ್ಲಿ ಒಂದು ವಿಷಯ ಬಹಳ ಜನ ತಪ್ಪುತ್ತಾರೆ. ಮೊದಲು ನೀರು ಹೊಯ್ಯುತ್ತಾರೆ, ಆಮೇಲೆ ಸಾಬೂನು ಹಾಕುತ್ತಾರೆ. ಟೈರು ಒದ್ದೆಯಾದರೆ ಲಿಕ್ವಿಡ್ ತೆಳುವಾಗಿ ಜಾರಿ ಹೋಗುತ್ತದೆ, ಎಣ್ಣೆಯನ್ನು ಹಿಡಿಯುವುದಿಲ್ಲ. ಒಣ ಟೈರಿಗೇ, ಜಿಡ್ಡಿನ ಮೇಲೆಯೇ, ನೀರು ಬೆರೆಸದ ಲಿಕ್ವಿಡ್ ಹಚ್ಚಬೇಕು. ಅಂಗೈ ಅಗಲದ ಜಾಗಕ್ಕೆ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಧಾರಾಳ. ಎರಡು ನಿಮಿಷ ಬಿಟ್ಟು, ಬ್ರಷ್ಷನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ತಿಕ್ಕಲು ಶುರು ಮಾಡಿ. ನೀರು ಕೈಗೆ ಹಿತವೆನಿಸುವಷ್ಟು ಬಿಸಿ ಇರಲಿ, ಸುಮಾರು 40 ಡಿಗ್ರಿ. ತಣ್ಣೀರಿನಲ್ಲೂ ಆಗುತ್ತದೆ, ಆದರೆ ಅಂಟು ಲೂಬ್ ತಣ್ಣೀರಿಗೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಲಿಕ್ವಿಡ್ ಟೈರಿನ ಮೇಲೆ ಒಣಗಲು ಬಿಡಬಾರದು. ಒಣಗಿದ ಸಾಬೂನಿನ ಪದರವೇ ಮುಂದಿನ ಮಳೆಯಲ್ಲಿ ಜಾರಿಸುತ್ತದೆ.

ಬಟ್ಟೆ ಒಗೆಯುವ ಪುಡಿ ಕೂಡ ಕೆಲಸ ಮಾಡುತ್ತದೆ, ಆದರೆ ಕರಗದ ಹರಳು ಸೀಳುಗಳಲ್ಲಿ ಉಳಿಯುತ್ತದೆ. ಪೂರ್ತಿ ಕರಗಿಸಿ ಬಳಸುವುದಾದರೆ ಅಡ್ಡಿಯಿಲ್ಲ. ಹೊಳಪು ಕೊಡುವ ಮೇಣ ಬೆರೆಸಿದ ಕಾರ್ ಶಾಂಪೂ ಮಾತ್ರ ಟ್ರೆಡ್ಡಿನ ಹತ್ತಿರ ತರಬೇಡಿ. ಎಣ್ಣೆ ತೆಗೆದು ಮೇಣ ಹಚ್ಚಿದಂತಾಗುತ್ತದೆ.

ಐಸೊಪ್ರೊಪೈಲ್ ಆಲ್ಕೊಹಾಲ್ ಎರಡನೆಯ ಸ್ಥಾನದಲ್ಲಿದೆ, ಆದರೆ ಸಾಬೂನಿನ ಬದಲಿಗೆ ಅಲ್ಲ, ಸಾಬೂನಿನ ನಂತರ. ಬಲಿತ ಅಂಟು ಲೂಬನ್ನು ಕರಗಿಸುವ ಶಕ್ತಿ ಇದಕ್ಕೆ ಅಷ್ಟಿಲ್ಲ. ಬರೀ ಇದನ್ನೇ ನಂಬಿ ಉಜ್ಜಿದರೆ ಲೂಬ್ ಪಕ್ಕಕ್ಕೆ ಸರಿದು ಇನ್ನಷ್ಟು ಅಗಲವಾಗುತ್ತದೆ. ಸಾಬೂನು ಮುಗಿದ ಮೇಲೆ ಉಳಿಯುವ ತೆಳು ಪದರವನ್ನು ತೆಗೆಯುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ತಾನು ಏನನ್ನೂ ಉಳಿಸದೆ ಆರಿ ಹೋಗುತ್ತದೆ, ರಬ್ಬರಿಗೆ ಒಂದೆರಡು ಒರೆಸಿನಿಂದ ತೊಂದರೆಯಿಲ್ಲ, ರಿಮ್ಮಿನ ಬಣ್ಣಕ್ಕೂ ಸಾಮಾನ್ಯವಾಗಿ ಸೌಮ್ಯ. ಶೇಕಡಾ 70ರದು ಸಿಗುತ್ತದೆ, ಶೇಕಡಾ 99ರದೂ ಸಿಗುತ್ತದೆ. 70ರದ್ದರಲ್ಲಿ ಉಳಿದ 30 ಭಾಗ ನೀರು. ಎಣ್ಣೆಗೆ ಅದು ದುರ್ಬಲ. ಈ ಕೆಲಸಕ್ಕೆ 90ಕ್ಕಿಂತ ಮೇಲಿನದನ್ನೇ ಕೊಳ್ಳಿ. ಒಂದು ಟೈರಿನ ಒಂದು ಅಂಚಿಗೆ 30ರಿಂದ 40 ಮಿಲಿಲೀಟರ್ ಸಾಕು. ಬೇಗ ಹೊತ್ತಿಕೊಳ್ಳುವ ವಸ್ತು, ಸುಮಾರು 12 ಡಿಗ್ರಿ ಉಷ್ಣತೆಯಲ್ಲೇ ಅದರ ಆವಿ ಕಿಡಿಗೆ ಉರಿಯಬಲ್ಲದು. ಸೈಲೆನ್ಸರ್ ಆರಿರಬೇಕು, ಗಾಳಿಯಾಡುವ ಜಾಗವಾಗಿರಬೇಕು.

ನೀರಿನ ಮೂಲದ ಡಿಗ್ರೀಸರ್‌ಗಳು ಚೆನ್ನಾಗಿ ಕೆಲಸ ಮಾಡುತ್ತವೆ, ಅದರಲ್ಲೂ ಹಳೆಯ, ಧೂಳು ಹಿಡಿದು ಗಟ್ಟಿಯಾದ ಲೂಬ್ ಮೇಲೆ. ಸಾಬೂನು ಮೂರು ಸುತ್ತಾದರೂ ಬಿಡದಿದ್ದಾಗ ಇದನ್ನು ತೆಗೆದುಕೊಳ್ಳಿ. ಕೊಳ್ಳುವಾಗ ಡಬ್ಬದ ಮೇಲಿನ ಪಟ್ಟಿ ಓದಿ. ಕಾಸ್ಟಿಕ್ ಇರುವ ತೀಕ್ಷ್ಣ ಕ್ಷಾರದ ಡಿಗ್ರೀಸರ್ ಅಲ್ಯೂಮಿನಿಯಂ ರಿಮ್ಮಿಗೂ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೂ ಬಿಳಿ ಕಲೆ ಬೀಳಿಸುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಡಬ್ಬದಲ್ಲಿ ಹೇಳಿದ ಪ್ರಮಾಣಕ್ಕೆ ನೀರು ಬೆರೆಸಿ, ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚು ಬಿಡದೆ ತೊಳೆಯಿರಿ. ಕಿತ್ತಳೆ ಸಿಪ್ಪೆಯ ವಾಸನೆಯ ಸಿಟ್ರಸ್ ಡಿಗ್ರೀಸರ್‌ಗಳನ್ನು ‘ನೈಸರ್ಗಿಕ’ ಎಂದು ಮಾರುತ್ತಾರೆ. ಅವುಗಳಲ್ಲಿರುವ ಲಿಮೊನೀನ್ ಒಳ್ಳೆಯ ದ್ರಾವಕವೇ, ಆದರೆ ರಬ್ಬರನ್ನು ಉಬ್ಬಿಸುವ ಗುಣ ಅದಕ್ಕಿದೆ, ಆರಲು ನಿಧಾನ, ತಾನೂ ಸ್ವಲ್ಪ ಜಿಡ್ಡು. ಚೈನಿಗೆ, ಸ್ಪ್ರಾಕೆಟ್ಟಿಗೆ ಬಳಸಿ. ಟ್ರೆಡ್ಡಿಗೆ ಬಳಸಿದರೆ ತಕ್ಷಣ ಸಾಬೂನಿನಿಂದ ತೊಳೆಯಲೇಬೇಕು.

ಬ್ರೇಕ್ ಕ್ಲೀನರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅನುಭವಿ ಮೆಕ್ಯಾನಿಕ್‌ಗಳು ಸಹ ಇದನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ. ಎಣ್ಣೆಯನ್ನು ಇಷ್ಟು ವೇಗವಾಗಿ ಕರಗಿಸಿ, ಇಷ್ಟು ಶುದ್ಧವಾಗಿ ಆರುವ ವಸ್ತು ಇನ್ನೊಂದಿಲ್ಲ, ಅದು ಒಪ್ಪಬೇಕಾದ್ದೇ. ತೊಂದರೆ ಇರುವುದು ಅದನ್ನು ನೇರವಾಗಿ ಟೈರಿಗೆ ಹೊಡೆಯುವುದರಲ್ಲಿ. ಸ್ಪ್ರೇಯ ಒತ್ತಡಕ್ಕೆ ತೆಳುವಾದ ಲೂಬ್ ಸೀಳುಗಳೊಳಗೆ ಓಡುತ್ತದೆ, ನಡುಭಾಗಕ್ಕೂ ಹರಿಯುತ್ತದೆ. ಅಂಚಿನಲ್ಲಿದ್ದ ಕಲೆ ಟೈರಿನ ಅಗಲಕ್ಕೂ ಹಬ್ಬಿದ ಪದರವಾಗುತ್ತದೆ. ಎರಡನೆಯದು, ಬಿಸಿಲು ಮತ್ತು ಓಝೋನ್‌ನಿಂದ ಟೈರು ಬಿರುಕು ಬಿಡದಿರಲೆಂದು ರಬ್ಬರಿಗೆ ಮೇಣವನ್ನೂ ರಕ್ಷಕ ರಾಸಾಯನಿಕವನ್ನೂ ಬೆರೆಸಿರುತ್ತಾರೆ. ಅವು ನಿಧಾನವಾಗಿ ಮೇಲ್ಮೈಗೆ ಬರುತ್ತಿರುತ್ತವೆ. ತೀಕ್ಷ್ಣ ದ್ರಾವಕ ಅವನ್ನೂ ಎಳೆದುಕೊಂಡು ಹೋಗುತ್ತದೆ. ಟ್ರೆಡ್ ಹೇಗೂ ಸವೆಯುವ ಭಾಗ, ಅಲ್ಲಿ ಇದು ದೊಡ್ಡ ವಿಷಯವಲ್ಲ. ಸದಾ ಬಾಗಿ ಬಳುಕುವ ಸೈಡ್‌ವಾಲ್‌ನಲ್ಲಿ ಇದು ದೊಡ್ಡ ವಿಷಯ. ಮೂರನೆಯದು ಬಣ್ಣ. ರಿಮ್ಮಿನ ಪೇಂಟು, ಸ್ಟಿಕ್ಕರು, ಪ್ಲಾಸ್ಟಿಕ್ ಚೈನ್ ಗಾರ್ಡ್ ಇವುಗಳ ಮೇಲೆ ಬಿದ್ದರೆ ಹೊಳಪು ಸತ್ತು ಮಂಕಾಗುತ್ತದೆ.

ಬಳಸಲೇಬೇಕಾದರೆ ಬಟ್ಟೆಗೆ ಹೊಡೆದು, ಆ ಬಟ್ಟೆಯಿಂದ ಟ್ರೆಡ್ ಒರೆಸಿ. ಬ್ರೇಕ್ ಕ್ಲೀನರ್‌ನಲ್ಲಿ ಎರಡು ಜಾತಿ. ಕ್ಲೋರಿನ್ ಇಲ್ಲದ್ದು ಬೆಂಕಿಗೆ ಬೇಗ ಸಿಕ್ಕುತ್ತದೆ. ಕ್ಲೋರಿನ್ ಇರುವುದು ಉರಿಯುವುದಿಲ್ಲ, ಆದರೆ ಉಸಿರಿಗೆ ಕೆಟ್ಟದ್ದು, ವೆಲ್ಡಿಂಗ್‌ನಂಥ ತೀವ್ರ ಶಾಖಕ್ಕೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಟೈರಿಗಾಗಿಯೇ ಇದನ್ನು ಕೊಳ್ಳಬೇಡಿ. ಬ್ರೇಕ್ ಡಿಸ್ಕಿಗಾಗಿ ಕೊಳ್ಳಿ, ಇದರ ನಿಜವಾದ ಜಾಗ ಅದು, ಅದನ್ನು ಮುಂದೆ ಹೇಳುತ್ತೇವೆ.

ಸೀಮೆಎಣ್ಣೆ ಚೈನ್ ತೊಳೆಯಲು ಒಳ್ಳೆಯದು. ಒ-ರಿಂಗ್ ಚೈನಿಗೂ (ಕೊಂಡಿಗಳ ನಡುವೆ ರಬ್ಬರ್ ಉಂಗುರದ ಸೀಲ್ ಇರುವ ಚೈನು) ನಡೆಯುತ್ತದೆ, ಬಹಳ ಕಾಲದಿಂದ ಎಲ್ಲರೂ ಬಳಸುತ್ತಿದ್ದಾರೆ. ಆದರೆ ಚೈನಿನ ಸೀಲ್‌ಗೆ ಹೊಂದಿದ್ದು ಟೈರಿಗೂ ಹೊಂದುತ್ತದೆ ಅನ್ನುವುದು ತಪ್ಪು ಲೆಕ್ಕ. ಒ-ರಿಂಗ್‌ಗಳನ್ನು ಸಾಮಾನ್ಯವಾಗಿ ಎಣ್ಣೆ ತಡೆಯುವ ನೈಟ್ರೈಲ್ ರಬ್ಬರಿನಲ್ಲಿ ಮಾಡುತ್ತಾರೆ. ಟೈರಿನಲ್ಲಿರುವುದು ನೈಸರ್ಗಿಕ ರಬ್ಬರ್, ಸ್ಟೈರೀನ್-ಬ್ಯುಟಾಡೈನ್ ಇತ್ಯಾದಿ. ಇವು ಪೆಟ್ರೋಲಿಯಂ ಎಣ್ಣೆಗಳನ್ನು ಹೀರಿ ಉಬ್ಬುತ್ತವೆ, ಮೆತ್ತಗಾಗುತ್ತವೆ. ಜೊತೆಗೆ ಸೀಮೆಎಣ್ಣೆ ಆರುವುದು ನಿಧಾನ, ಆರಿದ ಮೇಲೂ ಜಿಡ್ಡು ಬಿಡುತ್ತದೆ. ರಿಮ್ಮಿನ ಮೇಲಿನ ಗಟ್ಟಿ ಲೂಬಿಗೆ ಸೀಮೆಎಣ್ಣೆ ಒದ್ದೆ ಮಾಡಿದ ಬಟ್ಟೆ ಬಳಸಬಹುದು, ಟ್ರೆಡ್ಡಿಗೆ ಬೇಡ. ಡೀಸೆಲ್ ಇನ್ನೂ ಭಾರವಾದ ಎಣ್ಣೆ, ರಸ್ತೆಯ ಮೇಲೆ ಚೆಲ್ಲಿದ ಡೀಸೆಲ್ ಮೇಲೆ ಬೈಕುಗಳು ಜಾರಿ ಬೀಳುವುದು ಎಲ್ಲರಿಗೂ ಗೊತ್ತು. ಅದನ್ನೇ ಟೈರಿಗೆ ಹಚ್ಚಬಾರದು.

ಪೆಟ್ರೋಲ್ ಬೇಡ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಅದರ ಆವಿ ಹೊತ್ತಿಕೊಳ್ಳಬಲ್ಲದು. ಬಿಸಿ ಎಂಜಿನ್, ಸೈಲೆನ್ಸರ್ ಪಕ್ಕದಲ್ಲಿ ಕೂತು ಮಾಡುವ ಕೆಲಸಕ್ಕೆ ಅದಕ್ಕಿಂತ ಕೆಟ್ಟ ಆಯ್ಕೆ ಇಲ್ಲ. ಚರ್ಮದ ಮೂಲಕವೂ ಉಸಿರಿನ ಮೂಲಕವೂ ಮೈಗೆ ಹಾನಿ.

ಡಬ್ಲ್ಯೂಡಿ-40 1953ರಲ್ಲಿ ನೀರನ್ನು ಹೊರದೂಡಿ ತುಕ್ಕು ತಡೆಯಲೆಂದು ಹುಟ್ಟಿದ ವಸ್ತು. ಲೂಬನ್ನು ಕರಗಿಸುತ್ತದೆ, ಹೌದು. ಆದರೆ ಅದರ ಕೆಲಸವೇ ಲೋಹದ ಮೇಲೆ ತೆಳು ಎಣ್ಣೆಯ ಪದರ ಬಿಡುವುದು. ಟೈರಿನ ಮೇಲೂ ಅದನ್ನೇ ಮಾಡುತ್ತದೆ. ಅಂಟು ಲೂಬ್ ಹೋಗಿ ತೆಳು ಎಣ್ಣೆ ಬಂದರೆ ಹಿಡಿತ ಮೊದಲಿಗಿಂತ ಕೆಡುತ್ತದೆ, ನೋಟಕ್ಕೆ ಮಾತ್ರ ಟೈರು ಶುಭ್ರ. ಟೈರ್ ಪಾಲಿಶ್, ಸಿಲಿಕಾನ್ ಸ್ಪ್ರೇಗಳದ್ದೂ ಇದೇ ಕಥೆ, ಇನ್ನೂ ಕೆಟ್ಟದ್ದು: ಸಿಲಿಕಾನ್ ಸಾಬೂನಿಗೆ ಸುಲಭವಾಗಿ ಬಿಡುವುದಿಲ್ಲ. ಬೈಕಿನ ಟೈರಿಗೆ ಹೊಳಪು ಹಚ್ಚುವ ಅಭ್ಯಾಸವೇ ಬೇಡ. ಕಾರಿನ ಸೈಡ್‌ವಾಲ್ ನೆಲ ಮುಟ್ಟುವುದಿಲ್ಲ, ಬೈಕಿನಲ್ಲಿ ಸೈಡ್‌ವಾಲ್‌ನಿಂದ ಟ್ರೆಡ್ಡಿಗೆ ಎರಡು ಬೆರಳಿನ ದೂರ ಕೂಡ ಇಲ್ಲ.

ಬ್ರಷ್ ಬಗ್ಗೆಯೂ ಒಂದು ಮಾತು. ತಂತಿ ಬ್ರಷ್ ರಬ್ಬರನ್ನು ಹರಿಯುತ್ತದೆ, ಮೆತ್ತನೆಯ ಸ್ಪಂಜು ಸೀಳಿಗೆ ಇಳಿಯುವುದಿಲ್ಲ. ಬಟ್ಟೆ ಒಗೆಯುವ ಗಟ್ಟಿ ನೈಲಾನ್ ಬ್ರಷ್ ಟ್ರೆಡ್ಡಿಗೆ, ಹಳೆಯ ಹಲ್ಲುಜ್ಜುವ ಬ್ರಷ್ ಸೀಳುಗಳಿಗೆ. ಇವೆರಡೂ ಆಮೇಲೆ ಚೈನಿನ ಕೆಲಸಕ್ಕೇ ಮೀಸಲಿರಲಿ. ಚೈನ್ ತಿಕ್ಕಿದ ಬ್ರಷ್ಷನ್ನೇ ಟೈರಿಗೂ ತಂದರೆ ಎಷ್ಟು ತಿಕ್ಕಿದರೂ ಜಿಡ್ಡು ಮುಗಿಯುವುದಿಲ್ಲ.

ಇನ್ನು ಕೆಲಸದ ಕ್ರಮ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಅಥವಾ ಪ್ಯಾಡಕ್ ಸ್ಟ್ಯಾಂಡ್ (ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಪ್ರತ್ಯೇಕ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ಕೈಯಲ್ಲಿ ತಿರುಗುವಂತಿರಲಿ. ನ್ಯೂಟ್ರಲ್‌ಗೆ ಹಾಕಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚಕ್ರ ತಿರುಗಿಸುತ್ತಾ ಒರೆಸುವುದನ್ನು ಯಾರು ಎಷ್ಟೇ ಸಲೀಸಾಗಿ ಮಾಡಿ ತೋರಿಸಿದರೂ ಅನುಸರಿಸಬೇಡಿ. ಬಟ್ಟೆಯ ಒಂದು ಎಳೆ ಚೈನಿಗೆ ಸಿಕ್ಕರೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಮುಂಚೆಯೇ ಬೆರಳು ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಹೋಗಿರುತ್ತದೆ. ಬೆರಳು ಕಳೆದುಕೊಂಡವರು ನಿಜವಾಗಿಯೂ ಇದ್ದಾರೆ. ಕೈಯಿಂದ ಚಕ್ರ ತಿರುಗಿಸುವಾಗಲೂ ತಿರುಗಿಸುವ ಕೈ ಟೈರಿನ ಮೇಲಿರಲಿ, ಇನ್ನೊಂದು ಕೈ ಚೈನಿನಿಂದ ದೂರವಿರಲಿ.

ಮೊದಲು ಡಿಸ್ಕ್ ನೋಡಿ. ಹಿಂದಿನ ಡಿಸ್ಕ್ ಹೆಚ್ಚಾಗಿ ಚೈನಿನ ಎದುರು ಬದಿಗಿರುವುದರಿಂದ ಬಚಾವಾಗುತ್ತದೆ, ಆದರೆ ಕಡ್ಡಿ ಚಕ್ರಗಳಲ್ಲಿ ಸ್ಪ್ರೇ ಕಡ್ಡಿಗಳ ನಡುವಿನಿಂದ ದಾಟಿ ಅಲ್ಲಿಗೂ ತಲುಪುತ್ತದೆ. ಒಣ ಬಟ್ಟೆಯಿಂದ ಒರೆಸಿ, ಒಂದು ಪ್ಲಾಸ್ಟಿಕ್ ಚೀಲದಿಂದ ಡಿಸ್ಕನ್ನೂ ಅದನ್ನು ಒತ್ತಿ ಹಿಡಿಯುವ ಕ್ಯಾಲಿಪರನ್ನೂ ಮುಚ್ಚಿ. ಆಮೇಲೆ ಟೈರಿಗೆ ಬನ್ನಿ. ಲೂಬ್ ಹಸಿ ಇದ್ದರೆ ಉಜ್ಜಬೇಡಿ. ಹಳೆಯ ಬನಿಯನ್ ಬಟ್ಟೆಯನ್ನೋ ಕಾಗದದ ಟವೆಲನ್ನೋ ಒತ್ತಿ ಹಿಡಿದು ಹೀರಿಸಿ, ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು ಬಳಸಿ. ಬಟ್ಟೆಗೆ ಹೆಚ್ಚು ಬಂದಷ್ಟೂ ಸಾಬೂನಿಗೆ ಕೆಲಸ ಕಡಿಮೆ, ತೊಳೆದ ನೀರಿನ ಜೊತೆ ಚರಂಡಿಗೆ ಹೋಗುವ ಎಣ್ಣೆಯೂ ಕಡಿಮೆ.

ಟೈರಿಗಿಂತ ಮೊದಲು ರಿಮ್ ತೊಳೆಯಿರಿ. ತೊಳೆದ ಟೈರು ಮರುದಿನ ಮತ್ತೆ ಜಿಡ್ಡಾಗಿದೆ ಅನ್ನುವ ದೂರು ಬರುವುದು ಈ ಹೆಜ್ಜೆ ಬಿಟ್ಟವರಿಂದ. ರಿಮ್ಮಿನ ಅಂಚಿನಲ್ಲಿ, ರಿಮ್ಮೂ ಟೈರೂ ಕೂಡುವ ಸಂದಿಯಲ್ಲಿ, ಸ್ಪ್ರಾಕೆಟ್ಟಿನ ಒಳಬದಿಯಲ್ಲಿ ಉಳಿದ ಲೂಬ್ ಮುಂದಿನ ಓಟದಲ್ಲಿ ಹೊರಕ್ಕೆ ಜರುಗಿ ಟ್ರೆಡ್ ಸೇರುತ್ತದೆ. ಚೈನ್ ಗಾರ್ಡಿನ ಒಳಮೈ, ಸ್ವಿಂಗ್ ಆರ್ಮಿನ ಮೇಲ್ಭಾಗ ಕೂಡ ಒರೆಸಿ. ಅಲ್ಲಿ ತಿಂಗಳುಗಟ್ಟಲೆ ಸೇರಿದ ಕಪ್ಪು ಗಸಿ ಬಿಸಿಲಿಗೆ ಕರಗಿ ಟೈರಿನ ಮೇಲೆ ತೊಟ್ಟಿಕ್ಕುತ್ತದೆ.

ಟ್ರೆಡ್ಡನ್ನು ಒಂದೊಂದು ಗೇಣಿನಂತೆ ಭಾಗ ಮಾಡಿಕೊಂಡು, ಶುರು ಮಾಡಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ. ಟೈರಿನ ಯಾವ ಭಾಗ ಮುಗಿಯಿತು, ಯಾವುದು ಬಾಕಿ ಎಂದು ಕಪ್ಪು ರಬ್ಬರಿನ ಮೇಲೆ ನೋಡಿ ಹೇಳುವುದು ಅಸಾಧ್ಯ. ಬ್ರಷ್ಷನ್ನು ನಡುವಿನಿಂದ ಅಂಚಿನ ಕಡೆಗೆ ಎಳೆಯಿರಿ, ಅಂಚಿನಿಂದ ನಡುವಿಗೆ ಅಲ್ಲ. ಸೀಳುಗಳು ಹೋಗುವ ದಿಕ್ಕಿಗೇ ಸಣ್ಣ ಬ್ರಷ್ ಓಡಿಸಿ. ಒಂದು ಸುತ್ತು ಮುಗಿದ ಮೇಲೆ ಚೊಂಬಿನಿಂದ ಮೇಲಿನಿಂದ ನೀರು ಸುರಿದು ತೊಳೆಯಿರಿ. ಪ್ರೆಶರ್ ವಾಷರ್ ಬೇಡ: ಚಕ್ರದ ಬೇರಿಂಗ್ ಸೀಲಿನೊಳಗೆ, ಚೈನಿನ ಒ-ರಿಂಗಿನೊಳಗೆ ನೀರು ನುಗ್ಗಿಸುತ್ತದೆ. ಎರಡನೆಯ ಸುತ್ತಿಗೆ ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಲಿಕ್ವಿಡ್ ಸಾಕು. ಹಳೆಯ ಲೂಬ್ ಆದರೆ ಮೂರನೆಯದೂ ಬೇಕಾಗುತ್ತದೆ. ಕಲೆ ಕಂಡ ಜಾಗಕ್ಕಷ್ಟೇ ನಿಲ್ಲದೆ, ಚೈನಿನ ಕಡೆಯ ಇಡೀ ಅಂಚನ್ನು ಸುತ್ತಲೂ ತೊಳೆಯಿರಿ. ಬಣ್ಣವಿಲ್ಲದ ಲೂಬ್ ಕಣ್ಣಿಗೆ ಬೀಳುವುದೇ ಇಲ್ಲ. ಬಿಳಿ ಬಣ್ಣದ ಲೂಬ್‌ಗಳಲ್ಲಿ ನಮಗೆ ಮೆಚ್ಚುಗೆಯಾಗುವ ಗುಣ ಇದೊಂದು, ಎಲ್ಲಿ ಬಿದ್ದಿದೆ ಎಂದು ಕಾಣುತ್ತದೆ.

ಪೂರ್ತಿ ಹೋಗಿದೆಯೇ ಎಂದು ತಿಳಿಯುವುದು ಹೇಗೆ? ನೊರೆಯ ಬಣ್ಣ ನಂಬಬೇಡಿ. ಟೈರಿನಲ್ಲಿರುವ ಕಾರ್ಬನ್ ಕಪ್ಪು ನೊರೆಯನ್ನು ಯಾವಾಗಲೂ ಬೂದಿಯಾಗಿಸುತ್ತದೆ. ಟೈರು ಒಣಗಿದ ಮೇಲೆ ತೆಳುವಾದ ಬಿಳಿ ಟಿಶ್ಯೂ ಕಾಗದವನ್ನು ಟ್ರೆಡ್ ಮೇಲಿಟ್ಟು ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಗಟ್ಟಿಯಾಗಿ ಒತ್ತಿ, ಬೆಳಕಿಗೆ ಹಿಡಿದು ನೋಡಿ. ಕಪ್ಪು ಪುಡಿ ಅಂಟಿದ್ದರೆ ಅದು ರಬ್ಬರ್, ಚಿಂತೆಯಿಲ್ಲ. ಕಾಗದ ಆ ಜಾಗದಲ್ಲಿ ಪಾರದರ್ಶಕವಾಗಿ, ಸ್ವಲ್ಪ ಹೊತ್ತಾದರೂ ಹಾಗೇ ಉಳಿದರೆ ಅದು ಎಣ್ಣೆ. ನೀರಿನ ಕಲೆ ಆರಿ ಮಾಯವಾಗುತ್ತದೆ, ಎಣ್ಣೆಯ ಕಲೆ ಆಗುವುದಿಲ್ಲ. ಇನ್ನೊಂದು ಪರೀಕ್ಷೆ: ತೊಳೆದ ಅಂಚಿಗೂ ಲೂಬ್ ಬೀಳದ ಇನ್ನೊಂದು ಬದಿಯ ಅಂಚಿಗೂ ನೀರು ಚಿಮುಕಿಸಿ ಹೋಲಿಸಿ. ಎರಡೂ ಕಡೆ ನೀರು ಒಂದೇ ಥರ ಹರಡಬೇಕು. ಒಂದು ಕಡೆ ಹನಿಗಳು ಗುಂಡಗೆ ನಿಂತರೆ, ಕಾಮನಬಿಲ್ಲಿನ ಬಣ್ಣ ಕಂಡರೆ, ಮತ್ತೆ ಸಾಬೂನು.

ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಶುಭ್ರ ಬಟ್ಟೆಯನ್ನು ಅದರಲ್ಲಿ ನೆನೆಸಿ ಒಂದೊಂದು ಗೇಣು ಒರೆಸುತ್ತಾ ಹೋಗಿ. ಬಟ್ಟೆ ಹಳದಿಯಾಗಿ ಜಿಗುಟು ಎನಿಸುತ್ತಿದ್ದರೆ ಲೂಬ್ ಇನ್ನೂ ಬರುತ್ತಿದೆ ಎಂದೇ ಅರ್ಥ. ಅರ್ಧ ಗಂಟೆ ಗಾಳಿಗೆ ಬಿಡಿ.

ಈಗ ಡಿಸ್ಕಿನ ಚೀಲ ತೆಗೆದು, ಬ್ರೇಕ್ ಕ್ಲೀನರ್ ಹೊಡೆದ ಹೊಸ ಬಟ್ಟೆಯಿಂದ ಎರಡೂ ಮುಖ ಒರೆಸಿ. ಟೈರಿಗೆ ಬಳಸಿದ ಬಟ್ಟೆ ಇಲ್ಲಿಗೆ ತರಬೇಡಿ. ಲೂಬ್ ಬ್ರೇಕ್ ಪ್ಯಾಡಿನೊಳಗೆ ಇಳಿದಿದ್ದರೆ ತೊಳೆಯುವ ಮಾತಿಲ್ಲ. ಪ್ಯಾಡು ಸೂಕ್ಷ್ಮ ರಂಧ್ರಗಳಿರುವ ವಸ್ತು, ಹೀರಿದ ಎಣ್ಣೆ ಬಿಸಿಯಾದಾಗಲೆಲ್ಲ ಮೇಲೆ ಬರುತ್ತದೆ. ಬೆಂಕಿಗೆ ಹಿಡಿದು ಸುಡುವುದು, ಮರಳು ಕಾಗದದಲ್ಲಿ ಉಜ್ಜುವುದು ಎರಡು ದಿನದ ಸಮಾಧಾನವಷ್ಟೆ. ಹೊಸ ಪ್ಯಾಡ್ ಹಾಕಿ. ಡ್ರಮ್ ಬ್ರೇಕಿನ ಗಾಡಿಗಳಲ್ಲಿ ಈ ಭಯ ಕಡಿಮೆ, ಲೈನರ್ ಒಳಗೆ ಮುಚ್ಚಿಕೊಂಡಿರುತ್ತದೆ.

ಸಾಬೂನು ನೀರು ಚೈನಿಗೂ ತಾಗಿರುತ್ತದೆ, ಅದನ್ನು ಒಣಗಿಸಿ ಮತ್ತೆ ಲೂಬ್ ಹಾಕಬೇಕು. ಟೈರಿಗೆ ಮತ್ತೆ ಬೀಳದಂತೆ ಹಾಕುವ ರೀತಿಯೂ ಇದೆ. ಚೈನಿನ ಹಿಂದೆ, ಚೈನಿಗೂ ಟೈರಿಗೂ ನಡುವೆ ಒಂದು ರಟ್ಟಿನ ತುಂಡು ಹಿಡಿಯಿರಿ. ಕೆಳಗಿನ ಎಳೆಯ ಒಳಮುಖಕ್ಕೆ, ಅಂದರೆ ಸ್ಪ್ರಾಕೆಟ್ ಹಲ್ಲಿಗೆ ತಾಗುವ ಮೈಗೆ ಹೊಡೆಯಿರಿ. ಓಡುವಾಗ ಲೂಬ್ ಹೊರಕ್ಕೆ ಜರುಗುವಾಗ ರೋಲರ್ ಮೂಲಕವೇ ಹಾದು ಹೋಗಲಿ ಎಂದು. ಒಳ ಪಟ್ಟಿಗೂ ಹೊರ ಪಟ್ಟಿಗೂ ನಡುವಿನ ಸಂದಿಗೆ ತೆಳುವಾಗಿ ಒಂದು ಸುತ್ತು ಸಾಕು. ಚೈನಿನ ಹೊರಮೈ ಮೇಲೆ ಕಾಣುವ ಲೂಬ್ ಯಾವ ಉಪಯೋಗಕ್ಕೂ ಇಲ್ಲ, ಅದೇ ಸಿಡಿಯುವುದು. ಹತ್ತು ಹದಿನೈದು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಆ ಹೊರಮೈಯನ್ನು ಒರೆಸಿಬಿಡಿ. ಓಟ ಮುಗಿಸಿ ಬಂದಾಗ, ಚೈನು ಇನ್ನೂ ಬೆಚ್ಚಗಿರುವಾಗ ಹಾಕಿ ರಾತ್ರಿಯಿಡೀ ಬಿಡುವುದು ಎಲ್ಲಕ್ಕಿಂತ ಒಳ್ಳೆಯದು; ದ್ರಾವಕ ಪೂರ್ತಿ ಆರುತ್ತದೆ, ಬೆಳಗ್ಗೆ ಸಿಡಿಯುವಷ್ಟು ತೆಳು ಲೂಬ್ ಉಳಿದಿರುವುದಿಲ್ಲ. ಹಾಕಿದ ಕೂಡಲೇ ಗಾಡಿ ಹೊರಡಿಸಿದರೆ ಯಾವ ಕಂಪನಿಯ ಲೂಬ್ ಆದರೂ ಟೈರಿಗೇ ಬರುತ್ತದೆ, ಡಬ್ಬದ ಮೇಲೆ ಏನೇ ಬರೆದಿರಲಿ.

ನಿಂತ ಜಾಗದ ನೆಲವನ್ನೂ ಮರೆಯಬೇಡಿ. ಚೆಲ್ಲಿದ ಲೂಬ್ ಮೇಲೆ ಮರದ ಪುಡಿಯನ್ನೋ ಒಣ ಮಣ್ಣನ್ನೋ ಹರಡಿ, ಹೀರಿದ ಮೇಲೆ ಗುಡಿಸಿ, ಸಾಬೂನಿನಿಂದ ತೊಳೆಯಿರಿ. ಗಾಡಿ ಹೊರಗೆ ತರುವಾಗ ಮುಂದಿನ ಚಕ್ರ ಅದರ ಮೇಲೆ ಹಾಯ್ದರೆ ಹಿಂದಿನದಕ್ಕಿಂತ ದೊಡ್ಡ ಅಪಾಯ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಒಂದು ಅವಕಾಶ ಸಿಗಬಹುದು, ಮುಂದಿನದು ಜಾರಿದರೆ ಸಿಗುವುದಿಲ್ಲ. ದ್ರಾವಕ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹೊರಗೆ ಹರಡಿ ಆರಿಸಿ, ಆಮೇಲೆ ಬಿಸಾಡಿ.

ಮೊದಲ ಓಟ ಒಣ ರಸ್ತೆಯಲ್ಲಿರಲಿ, ಮಳೆಯಲ್ಲಿ ಬೇಡ. ಖಾಲಿ ನೇರ ರಸ್ತೆಯಲ್ಲಿ 20ರಿಂದ 30 ಕಿಲೋಮೀಟರ್ ವೇಗದಲ್ಲಿ ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ ನೋಡಿ, ಆಮೇಲೆ ಸ್ವಲ್ಪ ಗಟ್ಟಿಯಾಗಿ. ಎಂದಿಗಿಂತ ಬೇಗ ಚಕ್ರ ಕಟ್ಟಿಕೊಂಡರೆ, ಅಥವಾ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಬೇಗ ಮಿಡಿಯತೊಡಗಿದರೆ ನಡುಭಾಗದಲ್ಲಿ ಇನ್ನೂ ಜಿಡ್ಡಿದೆ. ನೇರದಲ್ಲಿ ಸರಿಯಿದ್ದರೆ ಅಗಲವಾದ ತಿರುವುಗಳಲ್ಲಿ ಚೈನಿನ ಕಡೆಗೆ ಸ್ವಲ್ಪ ಸ್ವಲ್ಪವೇ ವಾಲಿಸುತ್ತಾ ಹೋಗಿ, ತಿರುವಿನ ನಡುವೆ ಥ್ರಾಟಲ್ ಹಠಾತ್ತನೆ ತಿರುವಬೇಡಿ. ಹೊಸ ಟೈರು ಹಾಕಿದಾಗ ಮೊದಲ 160 ಕಿಲೋಮೀಟರ್ ಎಚ್ಚರದಿಂದ ಓಡಿಸಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ತೊಳೆದ ಟೈರಿಗೆ ಅಷ್ಟು ಬೇಕಾಗಲಿಕ್ಕಿಲ್ಲ, ಆದರೆ ಕಿಲೋಮೀಟರ್ ಎಣಿಸುವುದರಲ್ಲಿ ಅರ್ಥವಿಲ್ಲ. ನೇರ ಹೆದ್ದಾರಿಯಲ್ಲಿ 200 ಕಿಲೋಮೀಟರ್ ಓಡಿದರೂ ಅಂಚು ನೆಲ ಮುಟ್ಟಿರುವುದಿಲ್ಲ. ಅಂಚಿನ ರಬ್ಬರು ಉಜ್ಜಿ ಮಂಕಾದ ಗುರುತು ಎಲ್ಲಿಯವರೆಗೆ ಬಂದಿದೆ ಎಂದು ಇಳಿದು ನೋಡಿ. ಅಲ್ಲಿಯವರೆಗೆ ಟೈರು ತನ್ನ ಹಿಡಿತಕ್ಕೆ ಮರಳಿದೆ, ಅದರಾಚೆಯದು ಇನ್ನೂ ಪರೀಕ್ಷೆಯಾಗಿಲ್ಲ.

ತೊಳೆದರೂ ಪ್ರಯೋಜನವಿಲ್ಲದ ಟೈರುಗಳೂ ಇವೆ. ವಾರಗಟ್ಟಲೆ ಎಣ್ಣೆಯಲ್ಲಿ ನೆನೆದು ರಬ್ಬರ್ ಉಬ್ಬಿದ್ದರೆ, ಉಗುರಿನಿಂದ ಒತ್ತಿದಾಗ ಆ ಜಾಗ ಪಕ್ಕದ್ದಕ್ಕಿಂತ ಮೆತ್ತಗಿದ್ದರೆ, ಟ್ರೆಡ್ಡಿನ ತುಂಡು ಕಿತ್ತು ಬರುತ್ತಿದ್ದರೆ ಆ ಟೈರು ಬದಲಿಸಬೇಕು. ಹಳೆಯ ಟೈರಿನಲ್ಲಿ ಸಣ್ಣ ಬಿರುಕುಗಳಿದ್ದರೆ ಲೂಬ್ ಅವುಗಳೊಳಗೆ ಇಳಿದಿರುತ್ತದೆ, ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಟೈರಿನ ವಯಸ್ಸು ಸೈಡ್‌ವಾಲ್ ಮೇಲೆಯೇ ಬರೆದಿರುತ್ತದೆ: ‘DOT’ ಅಕ್ಷರಗಳಿಂದ ಶುರುವಾಗುವ ಡಿಒಟಿ ಸಂಕೇತದ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಬಿರುಕೂ ವಯಸ್ಸೂ ಜಿಡ್ಡೂ ಮೂರೂ ಒಟ್ಟಿಗೆ ಇದ್ದರೆ ಕ್ಲೀನರ್ ಹುಡುಕುವ ಬದಲು ಹೊಸ ಟೈರಿನ ಅಳತೆ ಬರೆದುಕೊಳ್ಳಿ.